ಹಾಸಿಗೆ ಹಿಡಿದ ಹಿರಿಯರ ಆರೈಕೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು

ಮಾನ್ಯ ಸಂಪಾದಕರೇ,

ಬನಹಟ್ಟಿಯ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದು ಬರುವ ದೀಪಾವಳಿಗೆ ಎರಡು ವರ್ಷ ತುಂಬುತ್ತದೆ. ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದಾಗ ಅವರಿಗೆ ಎಪ್ಪತ್ತೆರಡು ವರ್ಷ. ಅದರ ಹಿಂದಿನ ದಿನದವರೆಗೂ ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿ ದುಡಿಯುತ್ತಿದ್ದವರು, ದುಡಿಯುವ ಶಕ್ತಿ ಇರುವಾಗ ಸರ್ಕಾರದ ಪಗಾರ ಯಾಕೆ ಎಂದು ಅರವತ್ತೈದು ದಾಟಿದರೂ ಪಿಂಚಣಿಗೆ ಅರ್ಜಿ ಹಾಕಿರಲಿಲ್ಲ. ಆಸ್ಪತ್ರೆಯ ಖರ್ಚಿನ ಬಹುಪಾಲನ್ನು ಆರೋಗ್ಯ ಕಾರ್ಡ್ ಭರಿಸಿತು. ಆ ಉಪಕಾರವನ್ನು ನಾವು ಮರೆತಿಲ್ಲ. ನಿಜವಾದ ಖರ್ಚು ಶುರುವಾದದ್ದು ಅವರನ್ನು ಮನೆಗೆ ಕರೆತಂದ ಮೇಲೆ. 2024ರ ಅಕ್ಟೋಬರ್‌ನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಿದ ಆಯುಷ್ಮಾನ್ ಯೋಜನೆಯೂ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತದೆ. ಬಿಡುಗಡೆಯಾದ ನಂತರ ಹದಿನೈದು ದಿನಗಳ ವೆಚ್ಚವನ್ನು ಅದು ನೋಡಿಕೊಳ್ಳುತ್ತದೆ. ಹದಿನಾರನೆಯ ದಿನದಿಂದ ಮುಂದೆ ಎಲ್ಲವೂ ಮನೆಯವರ ಪಾಲಿಗೆ.

ಮನೆಯ ಆರೈಕೆ ಎಂದರೆ ಏನೆಂದು ಅನುಭವಿಸದವರಿಗೆ ತಿಳಿಯುವುದು ಕಷ್ಟ. ಬೆನ್ನಿಗೆ ಹುಣ್ಣಾಗದಂತೆ ಹಗಲೂ ರಾತ್ರಿಯೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಟಲಿಗೆ ಹತ್ತದಂತೆ ಗಂಜಿಯನ್ನು ಚಮಚೆಯಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಒಂದು ಬಟ್ಟಲು ಮುಗಿಯಲು ಮುಕ್ಕಾಲು ತಾಸು ಬೇಕು. ಡೈಪರ್‌ಗೆ ಮಾತ್ರವೇ ತಿಂಗಳಿಗೆ ಮೂರು ಸಾವಿರ ರೂಪಾಯಿಗಿಂತ ಹೆಚ್ಚು ಹೋಗುತ್ತದೆ. ಆಳು ಇಡುವ ಶಕ್ತಿ ನಮಗಿಲ್ಲದ ಕಾರಣ ನನ್ನ ಹೆಂಡತಿ ಮಗ್ಗದ ಕೆಲಸ ಬಿಟ್ಟು ಅವ್ವನ ಜೊತೆಗಿದ್ದಾಳೆ. ಹೀಗೆ ಖರ್ಚು ಏರಿದ ಹೊತ್ತಿಗೇ ಅವ್ವನದು, ಹೆಂಡತಿಯದು ಎಂದು ಮನೆಯ ಎರಡು ದುಡಿಮೆಗಳು ನಿಂತವು.

ಆಗ ಹಿರಿಯರಿಗೆ ಪಿಂಚಣಿ ಕೊಡುವ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಗೆ ಅರ್ಜಿ ಹಾಕಲು ಹೋದೆವು. 2007ರಲ್ಲಿ ಆರಂಭವಾದ ಈ ಯೋಜನೆ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರಂಥವರಿಗಾಗಿಯೇ ರೂಪುಗೊಂಡದ್ದು. ವರಮಾನದ ಮಿತಿ ವರ್ಷಕ್ಕೆ 32,000 ರೂಪಾಯಿ, ಅಂದರೆ ದಿನಕ್ಕೆ 88 ರೂಪಾಯಿಗೂ ಕಡಿಮೆ. ಇದರ ಜೊತೆಗೆ, ಗಂಡ ಹೆಂಡತಿಯ ಹೆಸರಿನಲ್ಲಿರುವ ಠೇವಣಿ ಒಟ್ಟಾಗಿ 10,000 ರೂಪಾಯಿ ಮೀರಿರಬಾರದು ಎಂಬ ಷರತ್ತು ಯೋಜನೆ ಬಂದಾಗಿನಿಂದಲೂ ಇದೆ. ನಮ್ಮ ಅಪ್ಪ ಹಳೆಯ ಮಗ್ಗವನ್ನು ಮಾರಿ, ಬಂದ ನಲವತ್ತು ಸಾವಿರವನ್ನು ಅವ್ವನ ಔಷಧಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದರು. ಆ ಹಣ ಇರುವವರೆಗೆ ನೀವು ಅರ್ಹರಲ್ಲ, ಖರ್ಚಾದ ಮೇಲೆ ಬನ್ನಿ ಎಂಬ ಉತ್ತರ ಬಂತು. ಎಂಟು ತಿಂಗಳಲ್ಲಿ ಖರ್ಚಾಯಿತು, ಮತ್ತೆ ಹೋದೆವು. ಕಾಯಿಲೆಗೆಂದು ಕೂಡಿಟ್ಟ ದುಡ್ಡನ್ನು ಆಸ್ತಿ ಎಂದು ಎಣಿಸುವ ನಿಯಮ, ಅದೇ ಕಾಯಿಲೆಯ ಖರ್ಚನ್ನು ಮಾತ್ರ ಎಲ್ಲಿಯೂ ಕಳೆಯುವುದಿಲ್ಲ. ಅರ್ಜಿಯಲ್ಲಿ ವಯಸ್ಸು, ಜಾತಿ, ವರಮಾನ ಕೇಳುತ್ತಾರೆ. ಈ ವ್ಯಕ್ತಿ ತಾನಾಗಿ ಎದ್ದು ಕೂರಬಲ್ಲರೇ, ಇವರನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಕೇಳುವುದಿಲ್ಲ.

ಎರಡನೆಯ ಸಲ ಅಡ್ಡ ಬಂದದ್ದು ಹೆಬ್ಬೆರಳು. ಅವ್ವನನ್ನು ಟಂಟಂ ಗಾಡಿಯಲ್ಲಿ ಹಾಸಿಗೆ ಸಮೇತ ಮಲಗಿಸಿಕೊಂಡು ಹೋಗಿದ್ದೆವು. ಐವತ್ತು ವರ್ಷ ನೂಲು ಹಿಡಿದ ಬೆರಳುಗಳ ಗೆರೆಗಳು ಸವೆದು ಹೋಗಿವೆ. ಯಂತ್ರದ ಮೇಲೆ ಏಳೆಂಟು ಸಲ ಒತ್ತಿಸಿದರೂ, ನೀರು ಹಚ್ಚಿ ಒರೆಸಿ ಒತ್ತಿಸಿದರೂ, ಅದು ಗುರುತು ಹಿಡಿಯಲಿಲ್ಲ. ಕಣ್ಣು ಅಥವಾ ಮುಖದ ಮೂಲಕ ಆಧಾರ್ ದೃಢೀಕರಿಸಲು ಅವಕಾಶವಿದ್ದರೂ ಅಂದು ಅಲ್ಲಿ ಆ ಸೌಲಭ್ಯ ಇರಲಿಲ್ಲ. ಮಂಜೂರಾತಿ ಸಿಕ್ಕಿದ್ದು ಇನ್ನೂ ನಾಲ್ಕು ತಿಂಗಳ ಮೇಲೆ.

ಈಗ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಶೇ 75ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ 1,400 ರೂಪಾಯಿ ಇದೆಯಾದರೂ ಎರಡನ್ನೂ ಪಡೆಯುವಂತಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಇಂದಿಗೂ 200 ರೂಪಾಯಿ, ಎಂಬತ್ತು ತುಂಬಿದವರಿಗೆ 500 ರೂಪಾಯಿ. ಇದೇ ದೇಶದ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು, ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ನೀಡಿದೆ. ಒಬ್ಬ ಹಿರಿಯರ ಜೀವನಕ್ಕೆ ಅಷ್ಟು ಬೇಕಾಗಬಹುದು ಎಂದು ಮಕ್ಕಳಿಗೆ ಹೇಳುವ ಸರ್ಕಾರ, ಕೈಯಲ್ಲಾಗದ ಮಕ್ಕಳ ಮನೆಗೆ ತಾನು ಕೊಡುವಾಗಲೂ ಆ ಅಂಕಿಯನ್ನು ನೆನಪಿಡಬೇಕು.

ನೆರೆಯ ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರಿಗೇ ಸಹಾಯಧನ ಕೊಡುವ 'ಆಶ್ವಾಸಕಿರಣಂ' ಎಂಬ ಯೋಜನೆ ಇದೆ. ಮೊತ್ತ ತಿಂಗಳಿಗೆ 600 ರೂಪಾಯಿ, ದೊಡ್ಡದಲ್ಲ. ಆದರೆ ಆರೈಕೆ ಮಾಡುವವರೂ ದುಡಿಮೆ ಬಿಟ್ಟು ಕೂತಿದ್ದಾರೆ ಎಂಬುದನ್ನು ಅದು ಒಪ್ಪಿಕೊಂಡಿದೆ. ನಮ್ಮ ರಾಜ್ಯದಲ್ಲೂ ಹಾಸಿಗೆ ಹಿಡಿದ ಹಿರಿಯರ ಮನೆಗಳಿಗೆ ಪಿಂಚಣಿಯ ಮೇಲೆ ಪ್ರತ್ಯೇಕ ಆರೈಕೆ ಭತ್ಯೆ ನೀಡಬೇಕು. ವರಮಾನ ಹಾಗೂ ಠೇವಣಿಯನ್ನು ಲೆಕ್ಕ ಹಾಕುವಾಗ ಸರ್ಕಾರಿ ವೈದ್ಯರು ದೃಢೀಕರಿಸಿದ ಆರೈಕೆಯ ಖರ್ಚನ್ನು ಕಳೆಯಬೇಕು. ಇವೆರಡಕ್ಕೆ ಸರ್ಕಾರದ ಆದೇಶ ಬೇಕು, ತಡವಾಗಬಹುದು. ಆದರೆ ವಾರಕ್ಕೊಂದು ದಿನ ಗೊತ್ತು ಮಾಡಿ, ಗ್ರಾಮ ಆಡಳಿತಾಧಿಕಾರಿಯವರು ಯಂತ್ರ ಹಿಡಿದು ಇಂಥ ಮನೆಗಳಿಗೇ ಬರುವಂತೆ ಮಾಡುವುದು ಜಿಲ್ಲಾಡಳಿತದ ಕೈಯಲ್ಲೇ ಇದೆ. ನಮ್ಮ ಓಣಿಯಲ್ಲೇ ಹಾಗೆ ಮಲಗಿರುವವರು ಇನ್ನೂ ಮೂವರಿದ್ದಾರೆ. ಅವರಲ್ಲಿ ಇಬ್ಬರ ಅರ್ಜಿ ಇನ್ನೂ ಹೆಬ್ಬೆರಳಿನ ಬಳಿಯೇ ನಿಂತಿದೆ.

ಇತಿ,
ಒಬ್ಬ ನೇಕಾರ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ