ಗೋಡೆಗೆ ಬೆನ್ನು ಕೊಟ್ಟು ಕೂರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಮೊನ್ನೆ ನಿಮ್ಮ ಮನೆಗೆ ಬಂದಾಗ ನೀನು ಬಾಗಿಲು ಕಾಣುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ನನಗೂ ಅದೇ ಜಾಗ ಬೇಕಿತ್ತು ಕಣೋ! ಇಬ್ಬರೂ ಸೈನ್ಯದಲ್ಲಿದ್ದವರು, ಇರುವುದು ಒಂದೇ ಗೋಡೆ. ಒಳಗೊಳಗೇ ನಗು ಬಂತು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ನೀನು ಬೆಚ್ಚಿದ್ದು ನನಗೆ ಹೊಸದೇನಲ್ಲ. ಆದರೆ ನಿನ್ನ ಮಗಳು ಪಾತ್ರೆಯ ಕಡೆ ನೋಡಲೇ ಇಲ್ಲ, ನಿನ್ನ ಮುಖ ನೋಡಿದಳು. ಅದಕ್ಕೇ ಈ ಪತ್ರ. ನಿನ್ನನ್ನು ಕೇಳಿಯೇ, ಹೆಸರು ಬಿಟ್ಟು, ಎಲ್ಲರೂ ಓದಲಿ ಅಂತ ಹಾಕುತ್ತಿದ್ದೇನೆ.

‘ಡಾಕ್ಟರ ಹತ್ತಿರ ಹೋದರೆ ಹೇಡಿ ಅಂತಾರೆ’ ಅಂದೆಯಲ್ಲ. ಹಾಗೆ ಅಂದವರು ಹಿಂದೆಯೂ ಇದ್ದರು. ಯುದ್ಧ ಕಂಡವರನ್ನು ಹೀಗೆ ಬೆಚ್ಚಿಸುವ, ನಿದ್ರೆ ಕೆಡಿಸುವ ಈ ಮನಸ್ಸಿನ ಕಾಯಿಲೆಯನ್ನು ಮೊದಲ ಮಹಾಯುದ್ಧದಲ್ಲಿ ಶೆಲ್ ಶಾಕ್ ಅನ್ನುತ್ತಿದ್ದರು. ಓಡಿಹೋದರು, ಹೇಡಿಗಳು ಅಂತ ಬ್ರಿಟಿಷ್ ಸೈನ್ಯ ತನ್ನವರನ್ನೇ ಗುಂಡಿಟ್ಟು ಕೊಂದಿತು. ಅವರಲ್ಲಿ ಕೆಲವರಿಗಾದರೂ ಇದೇ ಕಾಯಿಲೆ ಇತ್ತು ಅಂತ ಈಗ ಒಪ್ಪುತ್ತಾರೆ. ಹಾಗೆ ಸತ್ತ 306 ಜನರಿಗೆ ಅಲ್ಲಿನ ಸರ್ಕಾರ ಕ್ಷಮೆ ಕೊಟ್ಟಿದ್ದು 2006ರಲ್ಲಿ! ಈ ಕಾಯಿಲೆಗೆ ಈಗಿರುವ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಯುದ್ಧದಲ್ಲಿ ನಿನ್ನ ಜೀವ ಉಳಿಸಿದ್ದು ಇದೇ ಬೆಚ್ಚುವ ಗುಣ. ಮನೆಗೆ ಬಂದಾಯ್ತು ಅಂತ ಮೈಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ.

ನನ್ನ ಕಥೆ ಹೇಳುತ್ತೇನೆ. ಮೊದಲು ಹೋದ ಕಡೆ ನಿದ್ರೆ ಮಾತ್ರೆ ಬರೆದು ಐದು ನಿಮಿಷದಲ್ಲಿ ಕಳಿಸಿದರು. ಸಿಟ್ಟಿನಲ್ಲಿ ಒಂದು ವರ್ಷ ಎಲ್ಲೂ ಹೋಗಲಿಲ್ಲ, ಕುಡಿತ ಜಾಸ್ತಿಯಾಯ್ತು. ಎರಡನೇ ಸಲ ಸಿಕ್ಕ ಡಾಕ್ಟರು ನನ್ನನ್ನು ಕಾಡುತ್ತಿದ್ದ ಆ ಒಂದು ದಿನದ ಕಥೆಯನ್ನು ಕಣ್ಣು ಮುಚ್ಚಿ ಹೇಳು ಅಂದರು. ಮತ್ತೆ ಹೇಳು, ಮತ್ತೆ ಹೇಳು. ಅದನ್ನೇ ರೆಕಾರ್ಡ್ ಮಾಡಿಕೊಟ್ಟು, ಮನೆಯಲ್ಲಿ ದಿನಾ ಕೇಳು ಅಂದರು. ಮೊದಲೆರಡು ವಾರ ಕೆಟ್ಟ ಕನಸು ಇನ್ನೂ ಹೆಚ್ಚಾಯ್ತು. ಮೂರನೇ ವಾರ ಆಸ್ಪತ್ರೆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಒಟ್ಟು ಹನ್ನೆರಡು ವಾರ ಹಿಡಿಯಿತು. ಆ ದಿನ ಮರೆತಿಲ್ಲ. ಈಗ ಅದು ನೆನಪಾಗಿ ಬರುತ್ತದೆ, ಮೈಮೇಲೆ ಬರುವುದಿಲ್ಲ.

ಇನ್ನು ಅತ್ತಿಗೆಯ ವಿಷಯ. ನೀನು ರಾತ್ರಿ ಎದ್ದಾಗಲೆಲ್ಲ ಅವರೂ ಏಳುತ್ತಾರೆ. ಬಂದವರಿಗೆ ‘ಅವರು ಮಲಗಿದ್ದಾರೆ’ ಅಂತ ಸುಳ್ಳು ಹೇಳುತ್ತಾರೆ. ಅವರ ನಿದ್ರೆ ಹೇಗಿದೆ ಅಂತ ಯಾರಾದರೂ ಕೇಳಿದ್ದಾರಾ? ನಿನ್ನ ಜೊತೆ ಒಮ್ಮೆ ಬರಲಿ. ಆಮೇಲೆ ಅವರಿಗೂ ಬೇರೆಯಾಗಿ ಮಾತಾಡಲು ಒಬ್ಬರು ಸಿಗಲಿ, ನೀನಿಲ್ಲದ ಕಡೆ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ಮನೆಯಲ್ಲಿರುವ ಬಂದೂಕು ಸದ್ಯಕ್ಕೆ ಮನೆಯಲ್ಲಿ ಬೇಡ. ಕಾನೂನು ಪ್ರಕಾರ ಎಲ್ಲಿ ಇಡಬಹುದೋ ಅಲ್ಲಿ ಕೊಟ್ಟು ಬರೋಣ. ಸಾಯಬೇಕು ಅನ್ನಿಸಿದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡ, ಎಷ್ಟೇ ಹೊತ್ತಾಗಿರಲಿ ನನಗೆ ಫೋನ್ ಮಾಡು.

ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೆ. ಯುದ್ಧದ ಕಥೆಯೆಲ್ಲ ಬೇಡ. ‘ಜೋರು ಸದ್ದಾದರೆ ಅಪ್ಪನಿಗೆ ಬೆಚ್ಚುತ್ತೆ. ಅದು ನಿನ್ನ ತಪ್ಪಲ್ಲ. ಅಪ್ಪ ಡಾಕ್ಟರ ಹತ್ತಿರ ಹೋಗ್ತಿದ್ದಾನೆ’ ಅಂದರೆ ಸಾಕು. ಮೂರನೇ ಮಾತು ನಿಜ ಆಗಬೇಕು, ಅಲ್ವಾ? ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಇಬ್ಬರೂ ರೆಡಿಯಾಗಿರಿ.

ನಿನ್ನ ಗೆಳೆಯ