ಬ್ಯಾಟರಿ ಇಲ್ಲದ ಸೋಲಾರ್ ಅಳವಡಿಕೆಯನ್ನು ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯ ಗ್ರಾಹಕ ಬಂಧುಗಳೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಸ್ಥೆಯು ಬ್ಯಾಟರಿ ಇಲ್ಲದ ಸೋಲಾರ್ ಅಳವಡಿಕೆಯ ಹೊಸ ಕೆಲಸಗಳನ್ನು ಒಪ್ಪಿಕೊಳ್ಳುವುದಿಲ್ಲ. ಈಗಾಗಲೇ ನಮ್ಮಿಂದ ಹಾಕಿಸಿಕೊಂಡವರಿಗೆ, ಇರುವ ಪ್ಯಾನೆಲ್‌ಗಳನ್ನು ಹಾಗೆಯೇ ಉಳಿಸಿಕೊಂಡು ಬೀದಿಯ ಲೈನ್ ನಿಂತಾಗಲೂ ಮನೆಗೆ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರನ್ನೂ ಬ್ಯಾಟರಿಯನ್ನೂ ಜೋಡಿಸಿಕೊಡುತ್ತೇವೆ; ಬೇಡವೆಂದರೆ ಯಾವ ಒತ್ತಾಯವೂ ಇಲ್ಲ. ಇಷ್ಟು ವರ್ಷ ಉಚಿತವಾಗಿ ನಡೆಸಿಕೊಂಡು ಬಂದ, ವರ್ಷಕ್ಕೆ ಎರಡು ಬಾರಿಯ ತಪಾಸಣೆಗೆ ಇನ್ನು ಮುಂದೆ ಭೇಟಿಯೊಂದಕ್ಕೆ 4,000 ರೂಪಾಯಿ ಶುಲ್ಕ ಪಡೆಯಬೇಕಾಗಿ ಬಂದಿದೆ. ಈ ತಿಳಿವಳಿಕೆಯ ಸಿಂಹಳ ಮತ್ತು ತಮಿಳು ಪ್ರತಿಗಳು ಕಚೇರಿಯಿಂದ ಹೋಗಿವೆ. ಕೊಲಂಬೊದಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ನಾನೇ ಬರೆಯುತ್ತಿದ್ದೇನೆ, ಏಕೆಂದರೆ ನೀವು ದರಪಟ್ಟಿ ನೋಡಿ ಅಲ್ಲ, ನನ್ನ ಮಾತು ನಂಬಿ ಹಣ ಕೊಟ್ಟವರು.

2025ರ ಫೆಬ್ರವರಿ 9ರ ನಂತರ ನಾನು ಹೋದಲ್ಲೆಲ್ಲ ಕೇಳಿದ ಪ್ರಶ್ನೆ ಒಂದೇ: "ತಲೆಯ ಮೇಲೆ ಬಿಸಿಲು ಸುಡುತ್ತಿದ್ದಾಗ, ಲಕ್ಷಗಟ್ಟಲೆ ಕೊಟ್ಟು ಹಾಕಿಸಿದ ಸೋಲಾರ್ ಇದ್ದೂ ನಮ್ಮ ಮನೆಯಲ್ಲಿ ಫ್ಯಾನ್ ಏಕೆ ತಿರುಗಲಿಲ್ಲ?" ಅಂದು ಭಾನುವಾರ. ಪಾಣದುರ ಉಪಕೇಂದ್ರದಲ್ಲಿ ಕೋತಿಯೊಂದು ಟ್ರಾನ್ಸ್‌ಫಾರ್ಮರ್‌ಗೆ ತಗುಲಿ, ಮಧ್ಯಾಹ್ನಕ್ಕೆ ಮುಂಚೆಯೇ ಇಡೀ ದ್ವೀಪದ ವಿದ್ಯುತ್ ನಿಂತುಹೋಯಿತು. ದೆಹಿವಲದ ಒಬ್ಬ ಅಜ್ಜಿ ಫೋನು ಮಾಡಿ, "ಇನ್ವರ್ಟರ್ ಮೇಲೆ ಕೆಂಪು ದೀಪ ಹತ್ತಿದೆ, ಹಾಳಾಯಿತೇನಪ್ಪ?" ಎಂದು ಗಾಬರಿಯಿಂದ ಕೇಳಿದರು. ಹಾಳಾಗಿರಲಿಲ್ಲ, ಅದು ಮಾಡಬೇಕಾದ ಕೆಲಸವನ್ನೇ ಮಾಡಿತ್ತು.

ನಿಮ್ಮ ಮನೆಗಳಲ್ಲಿರುವ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಮಾರ್ಪಡಿಸುವ ಪೆಟ್ಟಿಗೆ, ಬೀದಿಯ ಲೈನಿನಿಂದ ಬರುವ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತನ್ನು ನೋಡಿಕೊಂಡು, ಅದರ ತಾಳಕ್ಕೆ ಸರಿಯಾಗಿ ತನ್ನ ವಿದ್ಯುತ್ತನ್ನು ಸೇರಿಸುವಂಥದ್ದು. ಆ ತಾಳ ನಿಂತ ಕೂಡಲೇ, ಹೆಚ್ಚೆಂದರೆ 2 ಸೆಕೆಂಡಿನೊಳಗೆ, ಅದು ಕಡಿದುಕೊಳ್ಳಲೇಬೇಕು. ಕಡಿದುಕೊಳ್ಳದಿದ್ದರೆ ನಿಮ್ಮ ಛಾವಣಿಯ ವಿದ್ಯುತ್ತು ಬೀದಿಯ ಟ್ರಾನ್ಸ್‌ಫಾರ್ಮರ್ ಮೂಲಕ ಹಿಮ್ಮುಖವಾಗಿ ಹರಿದು ಸಾವಿರಾರು ವೋಲ್ಟ್‌ಗಳಿಗೆ ಏರುತ್ತದೆ, ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗಬಹುದು. ಆದ್ದರಿಂದ ಇದು ಅಗ್ಗದ ಮಾಲು ಹಾಕಿದ್ದರಿಂದ ಆದದ್ದೆಂಬ ಆರೋಪವನ್ನು ನಾನು ಒಪ್ಪಲಾರೆ. ಎಷ್ಟೇ ದುಬಾರಿಯ ಇನ್ವರ್ಟರ್ ಇದ್ದರೂ, ಬ್ಯಾಟರಿಯೂ ಮನೆಯನ್ನು ಲೈನಿನಿಂದ ಬೇರ್ಪಡಿಸುವ ಸ್ವಿಚ್ಚೂ ಇಲ್ಲದ ಇಂಥ ಅಳವಡಿಕೆಗಳೆಲ್ಲ ಅಂದು ಹೀಗೆಯೇ ನಿಂತವು.

ಆದರೆ ಒಂದು ತಪ್ಪು ನಮ್ಮದೇ. ಈ ವಿಷಯ ಒಪ್ಪಂದದ ನಾಲ್ಕನೇ ಪುಟದಲ್ಲಿತ್ತು, ನಾವು ಹಂಚಿದ ಕರಪತ್ರದಲ್ಲಿ ಇರಲಿಲ್ಲ. ಕರಪತ್ರದಲ್ಲಿ "ಇನ್ನು ಕರೆಂಟಿನ ಚಿಂತೆ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು. 2022ರ ಮಾರ್ಚ್ ಕೊನೆಯಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲದೆ ಬೆಂದವರು ಆ ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆಂಬುದು ನಮಗೆ ಹೊಳೆಯಬೇಕಿತ್ತು. ಅದಕ್ಕಾಗಿ ಮನಸಾರೆ ಕ್ಷಮೆ ಕೇಳುತ್ತೇನೆ. ಅದೇ ತಪ್ಪು ಮತ್ತೆ ಆಗಬಾರದೆಂದೇ ಬ್ಯಾಟರಿ ಇಲ್ಲದ ಕೆಲಸವನ್ನು ಕೈಬಿಡುತ್ತಿದ್ದೇವೆ.

ಇನ್ನೊಂದು ಕಾರಣವೂ ಇದೆ. ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಎಣ್ಣೆ ಎಲ್ಲವನ್ನೂ ಹಡಗಿನಲ್ಲಿ ತರಿಸಿಕೊಳ್ಳುವ ಈ ದೇಶದಲ್ಲಿ, ಮನೆಮನೆಗೆ ಸೋಲಾರ್ ತರುವ ಸರ್ಕಾರದ 2016ರ 'ಸೂರ್ಯ ಬಲ ಸಂಗ್ರಾಮಯ' ಯೋಜನೆಯ ನಂತರ ಛಾವಣಿಯ ಸೋಲಾರ್ ಬೆಳೆಯಿತು. 2022ರ ಆಗಸ್ಟ್‌ನಲ್ಲಿ ಶೇ. 75, 2023ರ ಫೆಬ್ರವರಿಯಲ್ಲಿ ಶೇ. 66ರಷ್ಟು ವಿದ್ಯುತ್ ದರ ಏರಿದ ಮೇಲೆ ಕೇಳುವುದೇ ಬೇಡ. ಈಗ ರಜಾದಿನದ ಮಧ್ಯಾಹ್ನ ಬಳಕೆಗಿಂತ ಬಿಸಿಲಿನ ವಿದ್ಯುತ್ತೇ ಹೆಚ್ಚಾಗಿ, 2025ರ ಏಪ್ರಿಲ್‌ನ ಹೊಸ ವರ್ಷದ ರಜೆಯಲ್ಲಿ ಹಗಲು ಹೊತ್ತು ಸೋಲಾರ್ ಬಂದ್ ಮಾಡಿರೆಂದು ವಿದ್ಯುತ್ ಮಂಡಳಿಯೇ ಕೋರಿತು. ಅದೇ ದಿನ ಸಂಜೆ ಏಳಕ್ಕೆ ಮತ್ತೆ ಎಣ್ಣೆ ಸುಡಬೇಕಾಗುತ್ತದೆ. ಮಧ್ಯಾಹ್ನದ ಯೂನಿಟ್ಟನ್ನು ಸಂಜೆಗೆ ಇಟ್ಟುಕೊಳ್ಳದೆ ಇನ್ನಷ್ಟು ಪ್ಯಾನೆಲ್ ಹಾಕುತ್ತಾ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಬ್ಯಾಟರಿ ಮಾರುವ ಆಸೆಗೆ ಹೀಗೆ ಹೇಳುತ್ತಿದ್ದೇವೆಂದು ಕೆಲವರು ಅಂದದ್ದು ಬಹಳ ನೋವು ತಂದಿತು.

ಬೆಲೆಯ ವಿಷಯ. "ಜಗತ್ತಿನಲ್ಲೆಲ್ಲ ಪ್ಯಾನೆಲ್ ಅಗ್ಗವಾಗಿದೆ, ನೀವು ಮಾತ್ರ ಇಳಿಸಿಲ್ಲ" ಎನ್ನುತ್ತಾರೆ. ಪ್ಯಾನೆಲ್ ಅಗ್ಗವಾದದ್ದು ನಿಜ, ಆ ಇಳಿಕೆಯನ್ನು ನಿಮಗೆ ಕೊಟ್ಟಿದ್ದೇವೆ. ಆದರೆ ಇನ್ವರ್ಟರ್, ಕೇಬಲ್, ಅಲ್ಯೂಮಿನಿಯಂ ಪಟ್ಟಿ, ಕೊನೆಗೆ ಒಂದು ಬೋಲ್ಟು ಕೂಡ ಡಾಲರ್ ಲೆಕ್ಕದಲ್ಲೇ ಬಂದರಿಗೆ ಬರುತ್ತದೆ. 2022ರ ಮಾರ್ಚ್ ಆರಂಭದಲ್ಲಿ 200 ರೂಪಾಯಿಯಷ್ಟಿದ್ದ ಡಾಲರ್ ಮೇ ತಿಂಗಳ ಹೊತ್ತಿಗೆ 360 ದಾಟಿದಾಗ, ಮುಂಗಡ ಕೊಟ್ಟಿದ್ದ ಹನ್ನೊಂದು ಮನೆಗಳಿಗೆ ನಾವು ಹಳೆಯ ದರದಲ್ಲೇ ಕೆಲಸ ಮುಗಿಸಿಕೊಟ್ಟೆವು, ಒಬ್ಬರಿಂದಲೂ ಒಂದು ರೂಪಾಯಿ ಹೆಚ್ಚಿಗೆ ಕೇಳಲಿಲ್ಲ. ಅದಕ್ಕಾಗಿ ಮಾಡಿದ ಸಾಲ ತೀರಿಸಲು ನಮಗೆ ಎರಡು ವರ್ಷ ಹಿಡಿಯಿತು. ಇದನ್ನು ಹೇಳಿಕೊಳ್ಳಬಾರದೆಂದಿದ್ದೆ, ಆದರೆ ಲಾಭಕೋರರೆಂಬ ಮಾತು ಕೇಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ತಪಾಸಣೆಗೆ ಶುಲ್ಕವೇಕೆಂಬುದನ್ನು, ಗಾಲೆ ರಸ್ತೆಯ ಸಮುದ್ರದ ಬದಿಯಲ್ಲಿರುವವರು ಒಮ್ಮೆ ನಮ್ಮ ಹುಡುಗರೊಂದಿಗೆ ಮೇಲೆ ಹತ್ತಿ ನೋಡಿದರೆ ತಿಳಿಯುತ್ತದೆ. ವೆಳ್ಳವತ್ತೆಯ ಒಂದು ಮನೆಯಲ್ಲಿ ಹಳೆಯ ಬೋಲ್ಟನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಲೆ ಕಿತ್ತು ಅಂಗೈಯಲ್ಲಿ ತುಕ್ಕಿನ ಪುಡಿ ಉಳಿಯಿತು. ಕನೆಕ್ಟರ್ ಒಳಗೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತು. ಹಾಗೆಯೇ ಬಿಟ್ಟಿದ್ದರೆ ಕಿಡಿ ಹಾರಿ ಬೆಂಕಿ ಹತ್ತುವ ಜಾಗ ಅದು. ಆಸ್ಬೆಸ್ಟಾಸ್ ಶೀಟು ಮುರಿಯದಂತೆ ಹಲಗೆ ಹಾಸಿಕೊಂಡು, ಬಿಸಿಲೇರುವ ಮುಂಚೆ ಇಬ್ಬರು ಮಾಡಬೇಕಾದ ಕೆಲಸ. ನಮ್ಮ ಆರು ಜನ ನುರಿತ ಹುಡುಗರಲ್ಲಿ ನಾಲ್ವರು 2022ರ ಆ ಕಷ್ಟದ ವರ್ಷದ ನಂತರ ಕೊರಿಯಾಕ್ಕೂ ಕತಾರಿಗೂ ಹೋದರು. ಉಳಿದ ಇಬ್ಬರನ್ನೂ ಹೊಸದಾಗಿ ಕಲಿತವರನ್ನೂ ಉಳಿಸಿಕೊಳ್ಳಬೇಕಾದರೆ ತಕ್ಕ ಸಂಬಳ ಕೊಡಲೇಬೇಕು.

ನಿಮ್ಮ ಹಳೆಯ ಒಪ್ಪಂದಗಳಿಗೂ ವಾರಂಟಿಗೂ ಇದರಿಂದ ಯಾವ ಬಾಧಕವಿಲ್ಲ. ಬಳಸಿ ಉಳಿದ ಯೂನಿಟ್ಟಿಗೆ ಹಣ ಸಿಗುವ ನೆಟ್ ಅಕೌಂಟಿಂಗ್‌ನಲ್ಲಿ 2017ರಲ್ಲಿ ಸೇರಿದವರಿಗೆ ಸಿಗುವ ಯೂನಿಟ್ಟಿನ ದರ 22 ರೂಪಾಯಿಯಿಂದ 15.50ಕ್ಕೆ ಇಳಿದದ್ದು, ಏಳು ವರ್ಷ ತುಂಬಿದ್ದರಿಂದ ಮೂಲ ಒಪ್ಪಂದದಂತೆಯೇ ಆದದ್ದು. ಹಳೆಯ ನೆಟ್ ಮೀಟರಿಂಗ್‌ನಲ್ಲಿ ಇರುವವರು ದಯವಿಟ್ಟು ಗಮನಿಸಿ: ನೀವು ಕೊಟ್ಟ ಯೂನಿಟ್ಟಿಗೆ ಬದಲು ಯೂನಿಟ್ಟೇ ಸಿಗುವುದರಿಂದ, ಬ್ಯಾಟರಿಯಿಂದ ನಿಮ್ಮ ಬಿಲ್ಲು ಇಳಿಯುವುದಿಲ್ಲ. ಕರೆಂಟ್ ಹೋದಾಗ ದೀಪ, ಫ್ಯಾನ್, ಫ್ರಿಜ್ ನಡೆಯಬೇಕೆಂದಿದ್ದರೆ ಮಾತ್ರ ಹಾಕಿಸಿಕೊಳ್ಳಿ, ಅದೂ ಅಷ್ಟಕ್ಕೆ ಬೇಕಾದ ಚಿಕ್ಕದು ಸಾಕು. ಮನೆಯಲ್ಲಿ ಆಮ್ಲಜನಕದ ಯಂತ್ರವೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಮೊದಲೇ ತಿಳಿಸಿ, ಅಂಥ ಮನೆಗಳ ಕೆಲಸವನ್ನು ಮುಂಚೆ ಮಾಡುತ್ತೇವೆ.

ಈ ತಿಂಗಳಲ್ಲಿ ಬಾಕಿಯಿರುವ ತಪಾಸಣೆಗಳೆಲ್ಲ ಉಚಿತವಾಗಿಯೇ ನಡೆಯುತ್ತವೆ. ಹುಡುಗರು ಬರುವ ಹಿಂದಿನ ಸಂಜೆ ಫೋನು ಮಾಡುತ್ತಾರೆ, ಛಾವಣಿಗೆ ಹತ್ತುವ ಬಾಗಿಲಿನ ಬೀಗ ತೆಗೆಸಿಟ್ಟರೆ ಉಪಕಾರವಾಗುತ್ತದೆ. ಬ್ಯಾಟರಿಯ ಬಗ್ಗೆ ಕೇಳುವುದಿದ್ದರೆ ಕಳೆದ ಆರು ತಿಂಗಳ ಬಿಲ್ಲುಗಳನ್ನು ತೆಗೆದಿಡಿ. ಅಂಥ ಮನೆಗಳಿಗೆ ಅವರೊಂದಿಗೆ ನಾನೂ ಬರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಸಂಸ್ಥೆಯ ಪರವಾಗಿ,
ಕೊಲಂಬೊ