ಕಟ್ಟಿ ತೀರಿಸಿದ ಸಾಲದಲ್ಲಿ ಇನ್ನೂ ಉಳಿದಿದೆ ಎನ್ನುವ ₹4,887ರ ಬಗ್ಗೆ ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಸಾಲ ನೀಡಿದ ಹಣಕಾಸು ಕಂಪನಿಯ ಪ್ರಾದೇಶಿಕ ಕಚೇರಿ, ಮೈಸೂರು.
ಪ್ರತಿ: ವ್ಯವಸ್ಥಾಪಕರು, ಮಂಡ್ಯ ಶಾಖೆ.

ಮಂಡ್ಯ, 24–11–2025

ವಿಷಯ: ವೈಯಕ್ತಿಕ ಸಾಲದ ಖಾತೆಯಲ್ಲಿ ಕಂತಿನ ಹಣವನ್ನು ದಂಡಕ್ಕೆ ಹೊಂದಿಸಿಕೊಂಡು, ಆ ದಂಡದ ಮೇಲೆ ಬಡ್ಡಿ ಹಾಕಿರುವ ಬಗ್ಗೆ, ಖಾತೆ ಮುಕ್ತಾಯ ಪತ್ರ ಕೊಡದಿರುವ ಬಗ್ಗೆ.

ಮಾನ್ಯರೇ,

ಕಳೆದ ಅಕ್ಟೋಬರ್ 7ರಂದು ₹67,182 ಕಟ್ಟಿ ಈ ಸಾಲವನ್ನು ಅವಧಿಗೆ ಮುಂಚೆಯೇ ಚುಕ್ತಾ ಮಾಡಿದ್ದೇವೆ. ನಿಮ್ಮ ಪುಸ್ತಕದಲ್ಲಿ ಮಾತ್ರ ಅದು ಚುಕ್ತಾ ಆಗಿಲ್ಲ. ₹4,887 ಬಾಕಿ ಎಂದು ನೋಟಿಸು ಬಂತು, ಅದರ ಹಿಂದೆ ಫೋನು, ಫೋನಿನ ಹಿಂದೆ ಆಳು. ಶಾಖೆಯಲ್ಲಿ ಕೇಳಿದರೆ ‘ಸಿಸ್ಟಮ್‌ನಲ್ಲಿ ಹಂಗೇ ತೋರಿಸ್ತಾ ಇದೆ ಸಾರ್’ ಅನ್ನುವುದರಾಚೆ ಉತ್ತರವಿಲ್ಲ. ಹಾಗಾಗಿ ನಿಮ್ಮದೇ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಸಾಲು ಸಾಲಾಗಿ ಲೆಕ್ಕ ಹಾಕಿದ್ದೇವೆ. ಆ ₹4,887ರಲ್ಲಿ ಒಂದು ರೂಪಾಯಿಯೂ ನಾವು ಪಡೆದ ಅಸಲಲ್ಲ.

ಮೊದಲು ತಕರಾರಿಲ್ಲದ ಭಾಗ. 2024ರ ಅಕ್ಟೋಬರ್ 5ರಂದು ಕೊಟ್ಟ ಸಾಲ ₹1,20,000. ಬಡ್ಡಿ ವರ್ಷಕ್ಕೆ ಶೇ. 24, ಇಳಿಯುವ ಬಾಕಿಯ ಮೇಲೆ. ತಿಂಗಳಿಗೆ ₹6,345ರಂತೆ 24 ಕಂತು, ಪ್ರತಿ ತಿಂಗಳು 5ನೇ ತಾರೀಕು. 12 ಕಂತು ಮುಗಿದ ಮೇಲೆ ಪೂರ್ತಿ ಕಟ್ಟಿದರೆ ಮುಂಗಡ ಮುಕ್ತಾಯ ಶುಲ್ಕವಿಲ್ಲ ಎಂದು, ಸಾಲದ ಷರತ್ತು, ಶುಲ್ಕಗಳ ಪಟ್ಟಿಯಾದ ನಿಮ್ಮ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಹೇಳುತ್ತದೆ. 12 ಕಂತು ಕಟ್ಟಿದ್ದೇವೆ, ಒಂದೂ ತಪ್ಪಿಲ್ಲ. ಉಳಿದ ಅಸಲು ಎಷ್ಟೆಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ: ಹಿಂದಿನ ಅಸಲಿಗೆ ಶೇ. 2 ಬಡ್ಡಿ ಸೇರಿಸಿ 6,345 ಕಳೆಯುವುದು. ಮೊದಲ ತಿಂಗಳು 1,20,000 + 2,400 – 6,345, ಅಂದರೆ 1,16,055. ಹೀಗೆ ಹನ್ನೆರಡು ಸಲ ಮಾಡಿದರೆ 2025ರ ಅಕ್ಟೋಬರ್ 5ಕ್ಕೆ ₹67,089 ಬರುತ್ತದೆ. ಅದೇ ದಿನಾಂಕಕ್ಕೆ ನೀವು ಕೊಟ್ಟ ಮುಕ್ತಾಯದ ಲೆಕ್ಕದಲ್ಲಿ ಅಸಲು ₹71,976. ನಡುವಿನ ವ್ಯತ್ಯಾಸವೇ ಆ 4,887.

ಇದು ಹುಟ್ಟಿದ್ದು ಮಾರ್ಚ್ ಕಂತಿನಲ್ಲಿ. ಕರಾರಿನ ಪ್ರಕಾರ ನ್ಯಾಚ್ ಕಡಿತ (ಬ್ಯಾಂಕ್ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ) 5ರಂದು ಆಗಬೇಕು. ಅದಕ್ಕೆ ನಾವು ಕೊಟ್ಟ ಒಪ್ಪಿಗೆಯಾದ ಮ್ಯಾಂಡೇಟನ್ನು ನೀವು ಬ್ಯಾಂಕಿಗೆ ಕಳಿಸಿದ್ದು ಸೋಮವಾರ, ಮಾರ್ಚ್ 3ರಂದು. ಸಂಬಳ ಜಮೆ ಆಗುವುದು 4ಕ್ಕೆ, ಆದ್ದರಿಂದ ಅದು ವಾಪಸಾಯಿತು. 5ರ ಬೆಳಿಗ್ಗೆ ಖಾತೆಯಲ್ಲಿ ₹9,412 ಇತ್ತು. ಪಾಸ್‌ಬುಕ್ ನಕಲು ಲಗತ್ತಿಸಿದ್ದೇವೆ. ‘ರಜೆ ಅಡ್ಡ ಬರುತ್ತೆ ಅಂತ ಮುಂಚೆ ಹಾಕಿರ್ತಾರೆ’ ಎಂದು ಶಾಖೆಯವರು ಸಮಜಾಯಿಷಿ ಕೊಟ್ಟರು. ಮಾರ್ಚ್ 5 ಬುಧವಾರ. ಭಾನುವಾರವೇ ಆಗಿದ್ದರೂ ಆ ಸಮಜಾಯಿಷಿ ನಿಲ್ಲುವುದಿಲ್ಲ, ಏಕೆಂದರೆ 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತಿದೆ. ಕಂತು ವಾಪಸಾದ ಸಂದೇಶ ಬಂದಿದ್ದು 5ರ ರಾತ್ರಿ. 6ರ ಬೆಳಿಗ್ಗೆ ಯುಪಿಐ ಮೂಲಕ ಪೂರ್ತಿ ₹6,345 ಕಟ್ಟಿ, ಷರಾದಲ್ಲಿ ‘5ನೇ ಕಂತು, ಮಾರ್ಚ್’ ಎಂದು ಬರೆದಿದ್ದೇವೆ.

ಅಲ್ಲಿಂದ ಮುಂದೆ ನಡೆದದ್ದನ್ನು ದಯವಿಟ್ಟು ನಿಧಾನವಾಗಿ ಓದಿ. ಇಡೀ ದೂರು ಇರುವುದೇ ಇಲ್ಲಿ. ನಿಮ್ಮ ಸಿಸ್ಟಮ್ ಬಂದ ಹಣವನ್ನು ಮೊದಲು ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಕೊನೆಗೆ ಅಸಲಿಗೆ ಹೊಂದಿಸುತ್ತದೆ. ಹೀಗಾಗಿ ಮಾರ್ಚ್ 6ರ 6,345ರಲ್ಲಿ ಬೌನ್ಸ್ ಶುಲ್ಕ 500, ಜಿಎಸ್‌ಟಿ 90, ಒಟ್ಟು ₹590 ಮೊದಲೇ ಮುರಿದುಕೊಂಡಿತು. ಕಂತಿಗೆ ಹೋದದ್ದು ₹5,755. ಪೂರ್ತಿ ಕಟ್ಟಿದ ಕಂತು ಪುಸ್ತಕದಲ್ಲಿ 590 ಕಮ್ಮಿಯಾಯಿತು. ಏಪ್ರಿಲ್ 5ರಂದು ಮ್ಯಾಂಡೇಟ್ ಸರಿಯಾಗಿ ಪಾಸಾಯಿತು, 6,345 ಪೂರ್ತಿ ಬಂತು. ಅದರಲ್ಲಿ ಮಾರ್ಚ್‌ನ 590 ತುಂಬಿಕೊಂಡದ್ದರಿಂದ ಏಪ್ರಿಲ್ ಕಂತು 590 ಕಮ್ಮಿ. ‘ಕಂತು ಪೂರ್ತಿ ಬಂದಿಲ್ಲ’ ಎಂದು ಮರುದಿನ ದಂಡಶುಲ್ಕ 450, ಅದಕ್ಕೆ ಜಿಎಸ್‌ಟಿ 81, ಒಟ್ಟು ₹531. ಮೇ ತಿಂಗಳಲ್ಲಿ ಅದನ್ನೂ ಮುರಿದುಕೊಂಡು ಮೇ ಕಂತು ಇನ್ನಷ್ಟು ಕಮ್ಮಿ, ಮತ್ತೆ 531. ಹೀಗೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ಸಲ, ಒಟ್ಟು ₹3,186. ಜೊತೆಗೆ ಜೂನ್ ಮತ್ತು ಆಗಸ್ಟ್‌ನಲ್ಲಿ ‘ಫೀಲ್ಡ್ ವಿಸಿಟ್’ ಎಂದು ₹413ರಂತೆ ಎರಡು ಸಲ, ₹826. ಇಷ್ಟೂ ಹಣ ಅಸಲಿಗೆ ಹೋಗಬೇಕಾದದ್ದು; ಹೋಗದ್ದರಿಂದ ಅಷ್ಟು ಅಸಲು ಉಳಿದೇ ಇದೆಯೆಂದು ಅದರ ಮೇಲೆ ತಿಂಗಳಿಗೆ ಶೇ. 2ರಂತೆ ಬಡ್ಡಿ, ಅಕ್ಟೋಬರ್ 5ರವರೆಗೆ ₹285. ಕೂಡಿ ನೋಡಿ: 590, 3,186, 826, 285. ಸರಿಯಾಗಿ 4,887.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ನಮ್ಮ ಕಡೆ ಗಾದೆ. ಈ ಖಾತೆಯಲ್ಲಿ ತಿಂಗಳು ತಿಂಗಳು ಕಟ್ಟಿದವರೇ ಕೋಡಂಗಿಗಳಾಗಿದ್ದೇವೆ.

ಹಣ ಹೊಂದಿಸುವ ಕ್ರಮ ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂಬ ಷರತ್ತನ್ನು ಶಾಖೆಯವರು ಕರಾರಿನಲ್ಲಿ ಬೆರಳಿಟ್ಟು ತೋರಿಸಿದರು. ಇರಲಿ. ಷರಾ ಬರೆದು ಕಟ್ಟಿದ ಹಣ ಯಾವ ಬಾಕಿಗೆ ಸಲ್ಲಬೇಕು ಎಂಬ ಬಗ್ಗೆ 1872ರ ಕರಾರು ಕಾಯ್ದೆಯ 59ನೇ ಕಲಂ ಇದೆ. ಸದ್ಯಕ್ಕೆ ಅದನ್ನೂ ಬದಿಗಿಡೋಣ. ಕ್ರಮ ನಿಮ್ಮಿಷ್ಟದ್ದೇ ಆದರೂ ಅದರ ಫಲವಾಗಿ ದಂಡದ ಮೇಲೆ ಬಡ್ಡಿ ಬೀಳುವಂತಿಲ್ಲ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಹೇಳುವುದು ಇದನ್ನೇ: ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬೇಕು, ಬಡ್ಡಿದರಕ್ಕೆ ಸೇರಿಸಬಾರದು, ಆ ಶುಲ್ಕವನ್ನು ಅಸಲಿಗೆ ಕೂಡಿಸಿ ಮತ್ತೆ ಬಡ್ಡಿ ಲೆಕ್ಕ ಹಾಕಬಾರದು, ಶುಲ್ಕ ತಪ್ಪಿನ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು. 2024ರ ಏಪ್ರಿಲ್ 1ರ ನಂತರದ ಹೊಸ ಸಾಲಗಳಿಗೆ ಇದು ಅನ್ವಯ, ನಮ್ಮದು ಅದರ ನಂತರದ್ದು. ನೀವು ನೇರವಾಗಿ ‘ದಂಡಕ್ಕೆ ಬಡ್ಡಿ’ ಎಂದು ಬರೆದಿಲ್ಲ, ನಿಜ. ದಂಡವನ್ನು ಕಂತಿನಿಂದ ಮುರಿದುಕೊಂಡು, ಅಸಲು ಇಳಿಯದಂತೆ ನೋಡಿಕೊಂಡು, ಆ ಅಸಲಿಗೆ ಬಡ್ಡಿ ಹಾಕಿದ್ದೀರಿ. ದಾರಿ ಬೇರೆ, ಸೇರುವ ಊರು ಅದೇ.

ತಕ್ಕಷ್ಟು ಎಂಬ ಮಾತಿಗೂ ಒಂದು ಲೆಕ್ಕ. ನಿಮ್ಮ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ ದಂಡಶುಲ್ಕ ‘ಬಾಕಿಯಾದ ಮೊತ್ತದ ಮೇಲೆ ತಿಂಗಳಿಗೆ ಶೇ. 2’. ಕನಿಷ್ಠ ₹450 ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. 590 ನಿಜವಾಗಿ ಬಾಕಿ ಎಂದೇ ಇಟ್ಟುಕೊಂಡರೂ ತಿಂಗಳ ದಂಡ ₹11.80. ಹಾಕಿದ್ದು 531, ಸರಿಯಾಗಿ 45 ಪಟ್ಟು. ಅದರೊಳಗಿನ 81 ರೂಪಾಯಿ ಜಿಎಸ್‌ಟಿಯಂತೂ ಯಾರಿಗೆ ಸಲ್ಲುತ್ತದೋ ನೀವೇ ಹೇಳಬೇಕು: ರಿಸರ್ವ್ ಬ್ಯಾಂಕಿನ ಈ ಸುತ್ತೋಲೆಯಂತೆ ಹಾಕುವ ದಂಡಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು 55ನೇ ಜಿಎಸ್‌ಟಿ ಮಂಡಳಿ ಸಭೆಯ ನಂತರ 2025ರ ಜನವರಿ 28ರಂದೇ ಸ್ಪಷ್ಟನೆ ಹೊರಬಿದ್ದಿದೆ. ನೀವು ಮೊದಲ ಸಲ ಅದನ್ನು ಹಾಕಿದ್ದು ಏಪ್ರಿಲ್‌ನಲ್ಲಿ. ಫೀಲ್ಡ್ ವಿಸಿಟ್ ಶುಲ್ಕದ ಬಗ್ಗೆ ಹೆಚ್ಚು ಮಾತು ಬೇಡ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿಲ್ಲದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ, ಒಪ್ಪಿಗೆ ನಾವು ಕೊಟ್ಟಿಲ್ಲ.

ನಮ್ಮ ಕಡೆಯಿಂದ ನ್ಯಾಯವಾಗಿ ಸಲ್ಲಬೇಕಾದ್ದು ಸಂದಿದೆ. ಮಾರ್ಚ್‌ನಲ್ಲಿ 5ರ ಬದಲು 6ಕ್ಕೆ ಕಟ್ಟಿದ್ದಕ್ಕೆ ಒಂದು ದಿನದ ದಂಡ: 6,345ರ ಶೇ. 2ರಲ್ಲಿ 31ನೇ ಒಂದು ಭಾಗ, ಸುಮಾರು ₹4. ಅಕ್ಟೋಬರ್ 5ರಿಂದ 7ರವರೆಗೆ ಎರಡು ದಿನದ ಬಡ್ಡಿ ₹88 ಚಿಲ್ಲರೆ. 67,089ಕ್ಕೆ ಇವೆರಡನ್ನೂ ಕೂಡಿಸಿ, ಪೈಸೆಯನ್ನು ಮೇಲಕ್ಕೆ ಏರಿಸಿಯೇ 67,182 ಕಳಿಸಿದ್ದು.

ಸಾಲ ತೀರಿದ ಮೇಲೂ ನವೆಂಬರ್ 5ರಂದು ಮ್ಯಾಂಡೇಟ್ ಮತ್ತೆ ಬಂತು, ಪೂರ್ತಿ ₹6,345ಕ್ಕೆ. ನೀವು ಹೇಳುವ ಬಾಕಿಯೇ 4,887 ಇರುವಾಗ 6,345 ಯಾವ ಲೆಕ್ಕದಲ್ಲಿ ಕೇಳಿದಿರಿ? ಅದು ವಾಪಸಾಗಿ ನಮ್ಮ ಬ್ಯಾಂಕು ₹250 ಹಿಡಿಯಿತು, ಮಾರ್ಚ್‌ನಲ್ಲೂ 250 ಹಿಡಿದಿತ್ತು. ಆ ₹500 ನೀವು ತುಂಬಿಕೊಡಬೇಕು. ಬ್ಯಾಂಕಿನಲ್ಲಿ ಮ್ಯಾಂಡೇಟಿನ ಗುರುತು ಸಂಖ್ಯೆ (ಯುಎಂಆರ್‌ಎನ್) ಕೊಟ್ಟು ಮ್ಯಾಂಡೇಟ್ ರದ್ದತಿಗೆ ನಾವು ಅರ್ಜಿ ಹಾಕಿದ್ದೇವೆ, ಆದರೂ ನಿಮ್ಮ ಕಡೆಯಿಂದಲೂ ರದ್ದಾದ ದೃಢೀಕರಣ ಬೇಕು. ಸಾಲ ಕೊಡುವಾಗ ಪಡೆದ ದಿನಾಂಕವಿಲ್ಲದ ಮೂರು ಚೆಕ್ಕುಗಳನ್ನು ಮರಳಿಸಬೇಕು. ಅವುಗಳ ಸಂಖ್ಯೆ ಲಗತ್ತಿನಲ್ಲಿದೆ. ಚೆಕ್ ಬೌನ್ಸ್ ಮೊಕದ್ದಮೆಯ 138ನೇ ಕಲಂ ನಿಲ್ಲುವುದು ಕಾನೂನುಬದ್ಧ ಬಾಕಿ ಇದ್ದಾಗ ಮಾತ್ರ ಎಂಬುದನ್ನು ನಿಮ್ಮ ವಸೂಲಿ ವಿಭಾಗಕ್ಕೆ ತಿಳಿಸಿ, ಏಕೆಂದರೆ ಫೋನಿನಲ್ಲಿ ಅವರು ಹೆದರಿಸುವುದು ಅದನ್ನೇ ಹಿಡಿದು.

ನವೆಂಬರ್ 11ರ ರಾತ್ರಿ 7.40ಕ್ಕೆ ಮತ್ತು 13ರ ಬೆಳಿಗ್ಗೆ 7.15ಕ್ಕೆ ಕರೆ ಬಂದಿವೆ. ನೂರಡಿ ರಸ್ತೆಯ ಅಂಗಡಿಯೊಂದಕ್ಕೂ ಕರೆ ಹೋಗಿದೆ, ಅರ್ಜಿಯಲ್ಲಿ ಪರಿಚಯದವರೆಂದು ಅವರ ಸಂಖ್ಯೆ ಬರೆದಿದ್ದ ಮಾತ್ರಕ್ಕೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಬಾರದು, ಪರಿಚಯದವರ ಮುಂದೆ ಸಾಲಗಾರರ ಮಾನ ಕಳೆಯಬಾರದು ಎಂದು 2022ರ ಆಗಸ್ಟ್ 12ರ ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಕಳಿಸಿದ್ದು ಹೊರಗಿನ ಏಜೆನ್ಸಿ ಎಂಬುದು ಉತ್ತರವಲ್ಲ, ಏಜೆನ್ಸಿ ಮಾಡಿದ್ದಕ್ಕೆ ಕಂಪನಿಯೇ ಹೊಣೆ. ಕಿರುಸಾಲದ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆಯ ಮಾತು ಈಗ ಮಂಡ್ಯದ ಹೋಟೆಲು ಹೋಟೆಲಿನಲ್ಲೂ ಇದೆ. ನಾವು ಅದನ್ನು ಎತ್ತುತ್ತಿಲ್ಲ. ಈ ಖಾತೆಗೆ ರಿಸರ್ವ್ ಬ್ಯಾಂಕಿನ ಸಾಮಾನ್ಯ ನಿಯಮವೇ ಸಾಕು.

ಶಾಖೆಯವರು ಒಂದು ರಾಜಿ ಸೂಚಿಸಿದ್ದಾರೆ: ‘₹2,500 ಕಟ್ಟಿಬಿಡಿ, ಸೆಟ್ಲ್‌ಮೆಂಟ್ ಮಾಡಿ ಮುಗಿಸ್ತೀವಿ.’ ಒಪ್ಪುವುದಿಲ್ಲ. ಹಾಗೆ ಮುಗಿಸಿದರೆ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಸಲ್ಲಬೇಕಾದ್ದಕ್ಕಿಂತ ಕಮ್ಮಿ ಕೊಟ್ಟು ಕೈತೊಳೆದುಕೊಂಡವರು ಎಂದು ಮುಂದಿನ ಬ್ಯಾಂಕು ಅದನ್ನು ಓದಿಕೊಳ್ಳುತ್ತದೆ. 2,500 ರೂಪಾಯಿ ಕೊಟ್ಟು ಆ ಹಣೆಪಟ್ಟಿ ಕೊಂಡುಕೊಳ್ಳುವ ಅಗತ್ಯ ನಮಗಿಲ್ಲ. ಈಗಾಗಲೇ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳ ಕೊನೆಗೆ 25–26 ದಿನ ಬಾಕಿ ಎಂದು ಡಿಪಿಡಿ (ಗಡುವು ಮೀರಿದ ದಿನಗಳ) ಕಾಲಂನಲ್ಲಿ ದಾಖಲಾಗಿದೆ. ಒಂದು ಕಂತೂ ತಪ್ಪಿಸದ ಖಾತೆ ಏಳು ತಿಂಗಳು ಎಸ್‌ಎಂಎ–0, ಅಂದರೆ 30 ದಿನದವರೆಗೆ ಬಾಕಿ ಇರುವ ಖಾತೆಯಾಗಿ ಕುಳಿತಿದೆ, ಅದೂ ಸಾಲಗಾರ ಮತ್ತು ಸಹಸಾಲಗಾರ್ತಿ ಇಬ್ಬರ ವರದಿಯಲ್ಲೂ. ಸಿಬಿಲ್ ಒಂದರಲ್ಲಿ ತಿದ್ದಿ ಕೈಬಿಡಬೇಡಿ. ಸಾಲದ ದಾಖಲೆ ಇಡುವ ಇತರ ಸಂಸ್ಥೆಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ಗಳಿಗೂ ತಿದ್ದುಪಡಿ ಹೋಗಬೇಕು. ನಾಲ್ಕಕ್ಕೂ ಇಂದೇ ದೂರು ಹಾಕಿದ್ದೇವೆ. ನೀವು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು, ಒಟ್ಟು 30 ದಿನ ಮೀರಿದರೆ ದಿನಕ್ಕೆ ₹100 ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ನಮಗೆ ಬೇಕಾದ್ದು: ಕಂತಿನ ಹಣ ಆಯಾ ಕಂತಿಗೇ ಸಂದಂತೆ ತಿದ್ದಿದ ಸ್ಟೇಟ್‌ಮೆಂಟ್, 7–10–2025ಕ್ಕೆ ಖಾತೆ ‘ಕ್ಲೋಸ್ಡ್’ ಎಂದಿರುವ ಬಾಕಿರಹಿತ ಪತ್ರ, ಮೇಲೆ ಹೇಳಿದ ₹500, ಚೆಕ್ಕುಗಳು, ಮತ್ತು ಫೋನಿಗೆ ವಿರಾಮ. ಉತ್ತರ ಬರವಣಿಗೆಯಲ್ಲೇ ಇರಲಿ, ಅಂಚೆಯಲ್ಲಾಗಲಿ ಇ–ಮೇಲ್‌ನಲ್ಲಾಗಲಿ. ‘ಶಾಖೆಗೆ ಬಂದು ಮಾತಾಡಿ’ ಎಂಬುದನ್ನು ಉತ್ತರವೆಂದು ತೆಗೆದುಕೊಳ್ಳುವುದಿಲ್ಲ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಈ ಲೆಕ್ಕವನ್ನು ಮುಟ್ಟದೆ ಹೋದರೆ, ಇದೇ ಪತ್ರ ಲಗತ್ತುಗಳ ಸಮೇತ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗುತ್ತದೆ. ಅದರಾಚೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗವಿದೆ. ವ್ಯಾಜ್ಯವೇನಿದ್ದರೂ ಚೆನ್ನೈನಲ್ಲೇ ಎಂದು ಕರಾರಿನ ಕೊನೆಯ ಪುಟದಲ್ಲಿ ಅಚ್ಚಾಗಿದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಈ ಮೊತ್ತಕ್ಕೆ ಶುಲ್ಕವೂ ಇಲ್ಲ.

ಲಗತ್ತು: ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ನಿಮ್ಮ ಸ್ಟೇಟ್‌ಮೆಂಟ್ ಮತ್ತು ಅದರ ಪಕ್ಕದಲ್ಲಿ ನಮ್ಮ 12 ತಿಂಗಳ ಲೆಕ್ಕ, ಪಾಸ್‌ಬುಕ್ ನಕಲು, ಎರಡು ಯುಪಿಐ ರಸೀದಿ, ಕರೆಗಳ ಪಟ್ಟಿ, ಚೆಕ್ ಸಂಖ್ಯೆಗಳು.

ಇಂತಿ ತಮ್ಮ ವಿಶ್ವಾಸಿಗಳು,
ಸಾಲಗಾರ ಮತ್ತು ಸಹಸಾಲಗಾರ್ತಿ
(ಇಬ್ಬರ ಸಹಿ)